ಬೇರೆಯವರು ತೋರಿಸಬೇಕಾದ ಒಂದು ಪುಟ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಂತ ಜಾಲತಾಣವೊಂದನ್ನು ಇಟ್ಟುಕೊಂಡಿರುವವರೊಡನೆ ಇಂದು ಮಾತನಾಡಬೇಕೆಂದಿದ್ದೇನೆ. ಹೋಮ್‌ಸ್ಟೇ ನಡೆಸುವ ದಂಪತಿಗಳು, ಮಗ್ಗದಿಂದ ನೇರವಾಗಿ ಇಳಕಲ್ ಸೀರೆ ಮಾರುವ ನೇಕಾರರು, ಹಣ್ಣಿನ ಗಿಡಗಳ ನರ್ಸರಿ ಇಟ್ಟವರು, ತಮ್ಮ ಊರಿನ ಶಾಲೆಗೋ ಯಕ್ಷಗಾನ ಮೇಳಕ್ಕೋ ಕೈಯಿಂದ ಹಣ ಹಾಕಿ ತಾಣ ಕಟ್ಟಿಸಿದವರು ಈ ಹೊತ್ತಿನಲ್ಲಿ ರೇಡಿಯೊ ಹಚ್ಚಿದ್ದಾರೆ ಎಂದು ಭಾವಿಸಿಕೊಂಡೇ ಮಾತು ಆರಂಭಿಸುತ್ತೇನೆ. ಕಾಲೇಜೊಂದರಲ್ಲಿ ಬಹುಕಾಲ ಗ್ರಂಥಪಾಲಕನಾಗಿದ್ದು, ಈಗ ಇಂಥ ಸಣ್ಣ ತಾಣಗಳಿಗೆ ಸಲಹೆ ಕೊಡುತ್ತಿರುವ ನನ್ನ ಬಳಿಗೆ ಬರುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. “ಸರ್, ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಲಿಂಕ್ ಇರಬೇಕಂತೆ. ಎಷ್ಟು ಬೇಕು? ಎಲ್ಲಿ ಸಿಗುತ್ತವೆ?” ಈ ಪ್ರಶ್ನೆಯೇ ಸರಿಯಿಲ್ಲ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ, ಇಂದೂ ಹೇಳುತ್ತೇನೆ. ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಬೇರೊಬ್ಬರು ತಮ್ಮ ಕೆಲಸಕ್ಕೆ ಬೇಕಾಗಿ ಬೆರಳು ಮಾಡಿ ತೋರಿಸಬೇಕಾದಂಥ ಪುಟ ನಿಮ್ಮ ತಾಣದಲ್ಲಿ ಒಂದಾದರೂ ಇದೆಯೆ?

ಲಿಂಕ್ ಎಂದರೆ ಕೊಂಡಿ. ಒಂದು ಪುಟವನ್ನು ಓದುತ್ತಿರುವಾಗ ಬಣ್ಣ ಬದಲಾದ ಪದವೊಂದನ್ನು ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತದಲ್ಲ, ಅದೇ. ಜಿನೀವಾ ನಗರದ ಹತ್ತಿರವಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಮುಂದಿಟ್ಟ ಯೋಜನೆಯ ಜೀವಾಳವೇ ಈ ಕೊಂಡಿ. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಚದುರಿಹೋಗಿದ್ದ ಬರಹಗಳನ್ನು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿ ಜೋಡಿಸುವುದು ಅವರ ಉದ್ದೇಶವಾಗಿತ್ತು. ಅವರ ವ್ಯವಸ್ಥೆಯಲ್ಲಿ ಯಾರು ಯಾರ ಪುಟಕ್ಕಾದರೂ ಕೊಂಡಿ ಹಾಕಬಹುದು, ಅದಕ್ಕೆ ಪುಟದ ಒಡೆಯರ ಅಪ್ಪಣೆ ಬೇಕಾಗಿಲ್ಲ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಆ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅಪ್ಪಣೆಯ ಅಗತ್ಯವಿಲ್ಲದ ಕಾರಣದಿಂದಲೇ ಕೊಂಡಿಗೆ ಬೆಲೆ ಬಂದಿತು: ಯಾರ ಒತ್ತಾಯವೂ ಇಲ್ಲದೆ ಒಬ್ಬರು ಇನ್ನೊಬ್ಬರ ಪುಟವನ್ನು ತೋರಿಸಿದರೆ, ಆ ಪುಟದಲ್ಲಿ ಏನೋ ಇದೆ ಎಂದೇ ಅರ್ಥ.

ಈ ಅರ್ಥವನ್ನು ನಮ್ಮ ಗ್ರಂಥಾಲಯದ ವೃತ್ತಿಯವರು ಬಹಳ ಹಿಂದೆಯೇ ಬಲ್ಲವರಾಗಿದ್ದರು ಎಂಬುದನ್ನು ಹೆಮ್ಮೆಯಿಂದ ಹೇಳಬಯಸುತ್ತೇನೆ. ಒಬ್ಬ ವಿಜ್ಞಾನಿ ಲೇಖನ ಬರೆದಾಗ ತನಗೆ ಆಧಾರವಾದ ಹಿಂದಿನ ಲೇಖನಗಳನ್ನು ಕೊನೆಯಲ್ಲಿ ಹೆಸರಿಸುತ್ತಾನೆ. ಯಾವ ಲೇಖನವನ್ನು ಯಾರು ಯಾರು ಹೀಗೆ ಹೆಸರಿಸಿದ್ದಾರೆ ಎಂಬುದನ್ನು ಪಟ್ಟಿ ಮಾಡಿದರೆ ಯಾವುದು ನಿಜವಾಗಿ ಬಳಕೆಯಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ ಎಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿಯೇ ವಾದಿಸಿದರು, 1960ರ ದಶಕದಲ್ಲಿ ಅಂಥ ಸೂಚಿಯನ್ನು ಹೊರತಂದೂ ತೋರಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಅವರು 1996ರ ಹೊತ್ತಿಗೆ ಜಾಲದ ಪುಟಗಳನ್ನು ಅಳೆಯಲು ಹೊರಟಾಗ ಹಿಡಿದದ್ದು ಇದೇ ಅಳತೆಗೋಲನ್ನು. ಒಂದು ಕೊಂಡಿಯನ್ನು ಅವರು ಒಂದು ಮತದಂತೆ ಎಣಿಸಿದರು. ಆದರೆ ಎಲ್ಲ ಮತಗಳಿಗೂ ಒಂದೇ ತೂಕ ಕೊಡಲಿಲ್ಲ. ಹತ್ತು ಕಡೆಯಿಂದ ಗೌರವ ಪಡೆದ ಪುಟವು ಹಾಕಿದ ಒಂದು ಕೊಂಡಿ, ಯಾರಿಗೂ ಬೇಡವಾದ ನೂರು ಪುಟಗಳು ಹಾಕಿದ ಕೊಂಡಿಗಳಿಗಿಂತ ಮಿಗಿಲು. ಊರಿನಲ್ಲಿ ಹಿರಿಯರೊಬ್ಬರು “ಅವರ ಹತ್ತಿರ ಹೋಗಿ, ಕೆಲಸ ಚೆನ್ನಾಗಿ ಮಾಡುತ್ತಾರೆ” ಎಂದು ಹೇಳಿದರೆ ಆ ಮಾತಿಗಿರುವ ತೂಕವೇ ಇದು. ಹುಡುಕಾಟದಲ್ಲಿ ಯಾವ ಪುಟವನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ನೆರವಾಗುವ ಈ ಎಣಿಕೆಯ ಮೇಲೆಯೇ 1998ರಲ್ಲಿ ಗೂಗಲ್ ಸಂಸ್ಥೆ ನಿಂತಿತು.

ಈಗ ಕೊಡಗಿನ ಒಂದು ತೋಟದ ಕಥೆಯನ್ನು ಹೇಳುತ್ತೇನೆ. ಇದನ್ನು ಸಾವಧಾನವಾಗಿಯೇ ಹೇಳಬೇಕಾಗಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸೋಮವಾರಪೇಟೆಯ ಕಡೆ ತನ್ನ ತಂದೆಯವರ ಕಾಫಿ ತೋಟದ ಮನೆಯಲ್ಲಿಯೇ ಹೋಮ್‌ಸ್ಟೇ ಆರಂಭಿಸಿ 2011ರಲ್ಲಿ ಒಂದು ಜಾಲತಾಣವನ್ನು ಮಾಡಿಸಿದ. ಕೋಣೆಗಳ ಚಿತ್ರ, ಅಕ್ಕಿ ರೊಟ್ಟಿಯ ಚಿತ್ರ, ದೂರವಾಣಿ ಸಂಖ್ಯೆ, ದಾರಿಯ ನಕ್ಷೆ ಎಲ್ಲವೂ ಅದರಲ್ಲಿದ್ದವು. ಆದರೆ ಇವು ಕೊಡಗಿನ ಪ್ರತಿಯೊಂದು ಹೋಮ್‌ಸ್ಟೇ ತಾಣದಲ್ಲಿಯೂ ಇದ್ದವು. ಜನ ಬರಲಿಲ್ಲವೆಂದು ಅವನು ಕಳವಳಗೊಂಡಿದ್ದಾಗ, ಕೆಲವೇ ಸಾವಿರ ರೂಪಾಯಿಗೆ ಎರಡು ಸಾವಿರ ಕೊಂಡಿಗಳನ್ನು ಕೊಡಿಸುತ್ತೇನೆ ಎಂದು ಒಬ್ಬಾತ ಮಿಂಚಂಚೆ ಕಳುಹಿಸಿದ, ಇವನು ಹಣ ಕೊಟ್ಟ. ಕೊಂಡಿಗಳು ಬಂದವು. ಎಲ್ಲಿಂದ? ಯಾರೂ ಓದದ, ಯಾವ ದೇಶದ್ದೆಂದೂ ತಿಳಿಯದ, ಬರೀ ಕೊಂಡಿಗಳನ್ನೇ ತುಂಬಿಕೊಂಡಿದ್ದ ಪುಟಗಳಿಂದ. ಕೆಲವು ತಿಂಗಳು ಅವನ ತಾಣ ಹುಡುಕಾಟದ ಫಲಿತಾಂಶಗಳಲ್ಲಿ ಸ್ವಲ್ಪ ಮೇಲಕ್ಕೇರಿದ್ದೂ ನಿಜ. 2012ರ ಏಪ್ರಿಲ್ 24ರಂದು ಗೂಗಲ್, ಪೆಂಗ್ವಿನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಬದಲಾವಣೆಯನ್ನು ತಂದು, ಹೀಗೆ ಕೃತಕವಾಗಿ ಕೂಡಿಹಾಕಿದ ಕೊಂಡಿಗಳುಳ್ಳ ತಾಣಗಳನ್ನು ಕೆಳಕ್ಕೆ ತಳ್ಳಿತು. ನನ್ನ ವಿದ್ಯಾರ್ಥಿಯ ತಾಣ ಮೊದಲಿದ್ದ ಜಾಗಕ್ಕಿಂತಲೂ ಕೆಳಗೆ ಹೋಯಿತು. ತೋಟದ ಹೆಸರನ್ನೇ ಬರೆದು ಹುಡುಕಿದರೂ ಮೊದಲ ಪುಟದಲ್ಲಿ ಕಾಣುತ್ತಿರಲಿಲ್ಲ. ಕೊಂಡಿ ಮಾರಿದವನು ದೂರವಾಣಿ ಕರೆಗೆ ಉತ್ತರಿಸುವುದನ್ನೇ ನಿಲ್ಲಿಸಿದ. ಬೇಡದ ಕೊಂಡಿಗಳನ್ನು ನಿರಾಕರಿಸುವ ಸೌಲಭ್ಯವೊಂದನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಒದಗಿಸಿತು. ಅವನು ಒಂದೊಂದಾಗಿ ಆ ಕಸವನ್ನೆಲ್ಲ ಪಟ್ಟಿ ಮಾಡಿ ನಿರಾಕರಿಸಲು ಒಂದು ಮಳೆಗಾಲವೇ ಹಿಡಿಯಿತು.

ಅವನು ನನ್ನನ್ನು ತೋಟಕ್ಕೆ ಕರೆದದ್ದು ಇದಾದ ಎಷ್ಟೋ ವರ್ಷಗಳ ನಂತರ. ಸಂಜೆ ಜಗುಲಿಯಲ್ಲಿ ಕುಳಿತಿದ್ದೆವು. ಅವನ ತಂದೆಯವರಿಗೆ ಪಕ್ಕದ ತೋಟದವರಿಂದ ಕರೆ ಬಂದಿತು. ಇವರು “ನಮಗೆ ಒಂದು ಇಂಚು ನಲವತ್ತು ಸೆಂಟು, ನಿಮಗೆಷ್ಟು?” ಎಂದು ಕೇಳಿದರು. ಕಾಫಿ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ: ಅಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ, ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ಬೇಸಿಗೆಯಲ್ಲಿ ಹೂ ಮಳೆ ಸರಿಯಾದ ಹೊತ್ತಿಗೆ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಕಾಫಿ ಗಿಡ ಬೆಳ್ಳಗೆ ಹೂ ಬಿಡುತ್ತದೆ, ಬೀಳದಿದ್ದರೆ ಆ ವರ್ಷದ ಫಸಲೇ ಸೊರಗುತ್ತದೆ. ಹಾಗಾಗಿ ಅಂಗಳದಲ್ಲಿ ಮಳೆ ಮಾಪಕವನ್ನು ನೆಟ್ಟು ಪ್ರತಿದಿನ ಬೆಳಿಗ್ಗೆ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಅಲ್ಲಿನ ಎಷ್ಟೋ ಮನೆಗಳ ರೂಢಿ. ನಾನು ಪುಸ್ತಕದ ಮನುಷ್ಯನಾದ್ದರಿಂದ ಆ ಪುಸ್ತಕವನ್ನು ತೋರಿಸಿ ಎಂದೆ. ಹಿರಿಯರು ಒಳಗೆ ಹೋಗಿ ಒಂದಲ್ಲ, ಕಬ್ಬಿಣದ ಪೆಟ್ಟಿಗೆಯ ತುಂಬ ಪುಸ್ತಕಗಳನ್ನು ತಂದಿಟ್ಟರು. ಮೂವತ್ತೆಂಟು ವರ್ಷಗಳ ಮಳೆ, ಒಂದು ದಿನವೂ ತಪ್ಪದೆ, ಅಲ್ಲಿತ್ತು. ಮಗಳ ಮದುವೆಯ ದಿನವೂ ಮಳೆಯನ್ನು ಅಳೆದಿದ್ದರು.

ನಾನು ನನ್ನ ವಿದ್ಯಾರ್ಥಿಗೆ ಅಂದು ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ: ಬೇರೆಯವರು ತೋರಿಸಬೇಕಾದ ಪುಟ ಇದು. ಈ ಲೆಕ್ಕ ನಿಮ್ಮ ಮನೆಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಅವನಿಗೆ ನಂಬಿಕೆ ಬರಲಿಲ್ಲ, ಅವನ ಹೆಂಡತಿಗೆ ಬಂದಿತು. ಆಕೆ ನಾಲ್ಕು ತಿಂಗಳು ರಾತ್ರಿ ಊಟವಾದ ಮೇಲೆ ಮಾವನವರ ಪಕ್ಕದಲ್ಲಿ ಕುಳಿತು, ಅವರು ಓದಿ ಹೇಳಿದಂತೆ ಒಂದೊಂದೇ ಅಂಕಿಯನ್ನು ಕಂಪ್ಯೂಟರಿನಲ್ಲಿ ತುಂಬಿದರು. ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ಲೆಕ್ಕ ಹಾಕಿ ಎರಡೂ ಅಳತೆಗಳನ್ನು ಕೊಟ್ಟರು. ಮಾಪಕ ಎಲ್ಲಿದೆ, ಯಾವ ವರ್ಷ ಅದರ ಜಾಗ ಬದಲಾಯಿತು, ಎಷ್ಟು ಗಂಟೆಗೆ ಅಳೆಯುತ್ತಾರೆ ಎಂಬುದನ್ನೂ, ಅಂಕಿಗಳನ್ನು ಯಾರು ಬೇಕಾದರೂ ಬಳಸಬಹುದು ಎಂಬುದನ್ನೂ ಮೇಲೆ ಸ್ಪಷ್ಟವಾಗಿ ಬರೆದರು. 2018ರ ಆರಂಭದಲ್ಲಿ ಆ ಪುಟ ಜಾಲಕ್ಕೆ ಏರಿತು.

ಮೊದಲು ಕೊಂಡಿ ಹಾಕಿದ್ದು ಪಕ್ಷಿವೀಕ್ಷಕರ ಒಂದು ಸಣ್ಣ ಗುಂಪಿನ ತಾಣ. ಅನಂತರ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಅಧ್ಯಯನದ ಪುಟದಲ್ಲಿ ಅದನ್ನು ಆಧಾರವಾಗಿ ತೋರಿಸಿದಳು. ಆ ವರ್ಷದ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತೆಂಬುದು ನಿಮಗೆಲ್ಲ ನೆನಪಿದೆ. ಗುಡ್ಡಗಳು ಕುಸಿದವು, ಮನೆಗಳು ಹೋದವು, ಜೀವಗಳು ಹೋದವು. ಇಂಥ ಮಳೆ ಹಿಂದೆ ಬಂದಿತ್ತೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಒಂದೇ ಅಂಗಳದ ಮೂವತ್ತೆಂಟು ವರ್ಷದ ಅಳತೆ ಈ ಪುಟದಲ್ಲಿತ್ತು. ಪತ್ರಕರ್ತರು ತೋರಿಸಿದರು, ಅಧ್ಯಾಪಕರು ತೋರಿಸಿದರು, ಬೇರೆ ತೋಟದವರು ತಮ್ಮ ಅಳತೆಯ ಜೊತೆಗೆ ಹೋಲಿಸಲು ತೋರಿಸಿದರು. ಅಂಥ ಸಂಕಟದ ಕಾಲದಲ್ಲಿ ಬಂದ ಆ ಕೊಂಡಿಗಳಿಂದ ಮನೆಯವರಿಗೆ ಹರ್ಷವೇನೂ ಆಗಲಿಲ್ಲ, ಹಿರಿಯರು ಹಲವು ದಿನ ಮಾತೇ ಆಡಲಿಲ್ಲ ಎಂದು ಸೊಸೆ ನನಗೆ ಹೇಳಿದರು. ಆದರೆ ಆ ಪುಟ ಅಂದು ಅನೇಕರಿಗೆ ಬೇಕಾಗಿತ್ತು, ಅಲ್ಲಿತ್ತು. ಮುಂದೆ ರಸ್ತೆಗಳು ಸರಿಯಾಗಿ ಪ್ರವಾಸಿಗರು ಮರಳಿದಾಗ, ಆ ತಾಣ ಹುಡುಕಾಟದಲ್ಲಿ ಎಷ್ಟೋ ಮೇಲೆ ಬಂದಿತ್ತು. ಒಬ್ಬರಿಗೂ ಕೊಂಡಿ ಹಾಕಿ ಎಂದು ಅವರು ಕೇಳಿರಲಿಲ್ಲ. ಒಂದು ಪೈಸೆ ಕೊಟ್ಟಿರಲಿಲ್ಲ.

ನಿಮ್ಮ ಮನೆಯಲ್ಲಿ ಮಳೆಯ ಪುಸ್ತಕ ಇರಲಾರದು. ಬೇರೇನೋ ಇರುತ್ತದೆ. ಇಳಕಲ್ಲಿನ ನೇಕಾರರೆ, ಮೈಗೂ ಸೆರಗಿಗೂ ಬೇರೆ ಬೇರೆ ಹಾಸು ಹೂಡಿ ಎಳೆ ಎಳೆಯಾಗಿ ಕೊಂಡಿ ಕೂಡಿಸುವ ನಿಮ್ಮ ತೋಪು ತೆನೆ ಕ್ರಮವನ್ನು ಹಂತ ಹಂತವಾಗಿ ಚಿತ್ರ ತೆಗೆದು ವಿವರಿಸಿ. ವಿನ್ಯಾಸ ಕಲಿಸುವ ಪ್ರತಿಯೊಬ್ಬ ಅಧ್ಯಾಪಕರಿಗೂ ಅದು ಬೇಕು. ನರ್ಸರಿಯವರೆ, ನಿಮ್ಮ ಸೀಮೆಯ ಮಾವಿನ ಯಾವ ತಳಿ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವಾಗ ಹಣ್ಣಾಗುತ್ತದೆ ಎಂಬುದನ್ನು ಬರೆದಿಡಿ. ಮೇಳದವರೆ, ಯಾವ ವರ್ಷ ಎಲ್ಲಿ ಯಾವ ಪ್ರಸಂಗ ಆಡಿದಿರಿ, ಯಾರು ಯಾವ ಪಾತ್ರ ಮಾಡಿದರು ಎಂಬ ಪಟ್ಟಿ ಕೊಡಿ. “ನಮ್ಮಲ್ಲಿ ಉತ್ತಮ ಗುಣಮಟ್ಟದ ಸೇವೆ ದೊರೆಯುತ್ತದೆ” ಎಂಬ ವಾಕ್ಯಕ್ಕೆ ಈ ಪ್ರಪಂಚದಲ್ಲಿ ಯಾರೂ ಕೊಂಡಿ ಹಾಕುವುದಿಲ್ಲ. ದಯವಿಟ್ಟು ಇದನ್ನು ನಂಬಿ.

ನನಗೆ ಕೊಟ್ಟ ಸಮಯದಲ್ಲಿ ಸ್ವಲ್ಪವೇ ಉಳಿದಿದೆ, ಹಾಗಾಗಿ ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೊಂಡಿಗಳನ್ನು ಕೊಳ್ಳಬೇಡಿ. ಜಾಹೀರಾತಿಗಾಗಿ ಹಣ ಕೊಟ್ಟು ಕೊಂಡಿ ಹಾಕಿಸುವುದಾದರೆ, ಅದು ಹಣ ಕೊಟ್ಟದ್ದೆಂಬ ಗುರುತನ್ನು ಪುಟದ ಕೋಡ್‌ನಲ್ಲಿಯೇ ಇಡಬೇಕೆಂಬುದು ಗೂಗಲ್‌ನ ನಿಯಮ. ಮತವಾಗಿ ಎಣಿಸಬೇಡಿ ಎಂದು ತಿಳಿಸುವ ನೋಫಾಲೋ ಎಂಬ ಗುರುತು 2005ರಿಂದ ಬಳಕೆಯಲ್ಲಿದೆ. ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆಲ್ಲ ಅದನ್ನೇ ಹಾಕುತ್ತದೆ, ಆದ್ದರಿಂದ ಅಲ್ಲಿ ನಿಮ್ಮ ತಾಣದ ವಿಳಾಸವನ್ನು ತುರುಕಲು ಹೋಗಿ ಅಲ್ಲಿನ ಸಂಪಾದಕರಿಗೆ ತೊಂದರೆ ಕೊಡಬೇಡಿ.

ಪುಟ ಸಿದ್ಧವಾದ ಮೇಲೆ ಅದು ಯಾರಿಗೆ ನಿಜವಾಗಿ ಉಪಯೋಗವಾದೀತೋ ಅಂಥ ಐದಾರು ಜನರಿಗೆ ಪತ್ರ ಬರೆಯಬಹುದು, ಅದರಲ್ಲಿ ತಪ್ಪಿಲ್ಲ. ಪತ್ರದಲ್ಲಿ ನಿಮ್ಮ ತಾಣದ ಹೊಗಳಿಕೆ ಬೇಡ, ಅವರ ಕೆಲಸಕ್ಕೆ ಈ ಪುಟ ಹೇಗೆ ನೆರವಾಗುತ್ತದೆ ಎಂಬ ಎರಡು ಸಾಲು ಸಾಕು. ನೀವು ಯಾರಿಂದ ಮಾಹಿತಿ ಪಡೆದಿರೋ ಅವರಿಗೆ ನೀವೂ ಕೊಂಡಿ ಹಾಕಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ಮಾತು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಅಥವಾ ಚಿತ್ರವಾಗಿ ಸೇರಿಸಿದ ಬರಹವನ್ನು ಹುಡುಕು ಯಂತ್ರಗಳು ಸರಿಯಾಗಿ ಓದಲಾರವು, ಎಲ್ಲವನ್ನೂ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ವ್ಯವಸ್ಥೆಗೆ, ತನ್ನಿ. ಪುಟದ ವಿಳಾಸವನ್ನು ಮಾತ್ರ ಚಿಕ್ಕದಾಗಿ ರೋಮನ್ ಲಿಪಿಯಲ್ಲಿಡಿ. ವಿಳಾಸದಲ್ಲಿ ಕನ್ನಡವಿದ್ದರೆ ಅದನ್ನು ನಕಲು ಮಾಡಿ ಅಂಟಿಸುವಾಗ ‘ಕ’ ಎಂಬ ಒಂದು ಅಕ್ಷರವೇ ಒಂಬತ್ತು ಚಿಹ್ನೆಗಳಾಗಿ ಹಿಗ್ಗಿ, ನೋಡಿದವರು ಇದೇನೋ ವೈರಸ್ ಇರಬೇಕೆಂದು ಒತ್ತಲು ಹೆದರುತ್ತಾರೆ.

ಕಡೆಯದಾಗಿ, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ. ಅನಿವಾರ್ಯವಾದರೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುವಂತೆ ಶಾಶ್ವತ ಮರುನಿರ್ದೇಶನ ಹಾಕಿಸಿ, ತಾಣ ಮಾಡಿಕೊಟ್ಟವರಿಗೆ 301 ಎಂದರೆ ತಿಳಿಯುತ್ತದೆ. ಇಲ್ಲದಿದ್ದರೆ ಇಷ್ಟೆಲ್ಲ ಕಷ್ಟಪಟ್ಟು ಬಂದ ಕೊಂಡಿಗಳು ಖಾಲಿ ಪುಟಕ್ಕೆ ಹೋಗಿ ನಿಲ್ಲುತ್ತವೆ. ಆ ಕೊಡಗಿನ ಮನೆಯವರು ತಾಣದ ರೂಪವನ್ನು ಈಚೆಗೆ ಎರಡು ಸಲ ಬದಲಿಸಿದ್ದಾರೆ, ಮಳೆಯ ಪುಟದ ವಿಳಾಸವನ್ನು ಮುಟ್ಟಿಲ್ಲ. ಹಿರಿಯರಿಗೆ ಈಗ ಅಂಗಳಕ್ಕೆ ಇಳಿಯುವುದು ಕಷ್ಟ. ಬೆಳಿಗ್ಗೆ ಮಾಪಕದ ನೀರನ್ನು ಸೊಸೆಯೇ ಅಳೆದು, ಮೊದಲು ಅವರ ಪುಸ್ತಕದಲ್ಲಿ ಬರೆದು, ಆಮೇಲೆ ಪುಟಕ್ಕೆ ಸೇರಿಸುತ್ತಾರೆ.

ನಮಸ್ಕಾರ.