ಬಿಲ್ಲೆ ಹೀರಿದ ಗಾಳಿ ಎಷ್ಟು?

ದಕ್ಷಿಣ ಕನ್ನಡ, ಕಾಸರಗೋಡಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನಮಗೆಲ್ಲ ಗೊತ್ತು. ಅದೇ ವಿಷ ಯಾರೂ ಸಿಂಪಡಿಸದ ಆರ್ಕ್ಟಿಕ್ ಗಾಳಿಯಲ್ಲೂ ಸಿಗುತ್ತದೆ. ಬಿಸಿ ನಾಡಿನಲ್ಲಿ ಆವಿಯಾಗಿದ್ದು ತಣ್ಣನೆಯ ಸೀಮೆಯಲ್ಲಿ ಇಳಿಯುತ್ತದೆ. ಅಂಥ ಜಾಗದಲ್ಲಿ ಅದನ್ನು ಅಳೆಯಲು ಗಾಳಿ ಎಳೆಯುವ ಪಂಪಿಗೆ ಕರೆಂಟಿಲ್ಲ, ನೋಡಿಕೊಳ್ಳಲು ಆಳಿಲ್ಲ. ಹಾಗಾಗಿ ಪ್ಯಾಸಿವ್ ಸ್ಯಾಂಪ್ಲರ್, ಅಂದರೆ ಪಂಪಿಲ್ಲದೆ ತಾನಾಗಿಯೇ ಗಾಳಿಯ ವಿಷ ಹೀರಿಕೊಳ್ಳುವ ಸಾಧನ. ಕೆನಡಾದವರು 2004ರ ಕೊನೆಗೆ ಶುರುಮಾಡಿದ ಗ್ಯಾಪ್ಸ್ ಎಂಬ ಜಾಗತಿಕ ಗಾಳಿ-ಮಾಪನ ಜಾಲ ನಂಬಿರುವುದು ಇದನ್ನೇ.

ಉಪಕರಣ ಸರಳ. 14 ಸೆಂ.ಮೀ. ಅಗಲ, 1.35 ಸೆಂ.ಮೀ. ದಪ್ಪದ ಪಾಲಿಯುರೆಥೇನ್ ಸ್ಪಂಜಿನ ಬಿಲ್ಲೆ. ಮೇಲೊಂದು ಸ್ಟೀಲ್ ಬೋಗುಣಿ ಕವುಚಿ, ಕೆಳಗೊಂದು ಅಂಗಾತ. ನಡುವಿನ ಎರಡೂವರೆ ಸೆಂ.ಮೀ. ಸಂದಿನಲ್ಲಿ ಗಾಳಿ ನುಸುಳುತ್ತದೆ, ಮಳೆ–ಬಿಸಿಲು ಹೊರಗೇ ನಿಲ್ಲುತ್ತವೆ. ಮೂರು ತಿಂಗಳು ನೇತುಹಾಕಿದರಾಯಿತು.

ತೊಡಕು ಆಮೇಲಿನದು. ಲ್ಯಾಬ್ ಕೊಡುವುದು ಬಿಲ್ಲೆಗಿಷ್ಟು ನ್ಯಾನೋಗ್ರಾಂ ಎಂಬ ಲೆಕ್ಕವನ್ನು. ಅದು ಎಷ್ಟು ಗಾಳಿಯದು? ದಿನಕ್ಕೆ 4 ಘನ ಮೀಟರ್ ಎಂಬುದು ರೂಢಿಯ ಅಂದಾಜು. 90 ದಿನಕ್ಕೆ 360. ಬೆಟ್ಟದ ನೆತ್ತಿಯಲ್ಲಿ ಬಿರುಗಾಳಿ ಬೋಗುಣಿಯೊಳಗೂ ನುಗ್ಗಿದರೆ ಬಿಲ್ಲೆ ಹೀರುವ ಈ ವೇಗ ಏರಿಬಿಡುತ್ತದೆ. ಆಗ ಅಂದಾಜನ್ನು ನಂಬಬಾರದು. ಕಟ್ಟುವ ಮೊದಲೇ ಪಿಸಿಬಿ-30 ಎಂಬ ಕ್ಲೋರಿನ್ ಸಂಯುಕ್ತ ಅಥವಾ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಲಿಂಡೇನ್ ಕೀಟನಾಶಕದಂಥ, ವಾತಾವರಣದಲ್ಲಿ ಇಲ್ಲವೇ ಇಲ್ಲ ಎನ್ನಬಹುದಾದ ಸಂಯುಕ್ತವನ್ನು ಗೊತ್ತಾದ ಪ್ರಮಾಣದಲ್ಲಿ ಬಿಲ್ಲೆಗೆ ಸೇರಿಸಬೇಕು. ಅದು ಎಷ್ಟು ಹಾರಿಹೋಯಿತು ಎಂಬುದರಿಂದ ಆ ಜಾಗದ ವೇಗ ಸಿಗುತ್ತದೆ. ಅರ್ಧದಷ್ಟು ಹೋಗಿದ್ದರೆ ಲೆಕ್ಕ ಗಟ್ಟಿ. ಹತ್ತನೇ ಒಂದು ಪಾಲಷ್ಟೇ ಹೋಗಿದ್ದರೆ ಅಳತೆಯ ದೋಷದಲ್ಲೇ ಮುಳುಗುತ್ತದೆ. ಪೂರ್ತಿ ಹೋಗಿದ್ದರೆ ಯಾವಾಗ ಹೋಯಿತೆಂದು ಹೇಳಲಾಗದು.

ಇನ್ನೊಂದು ತೊಡಕು, ಬಿಲ್ಲೆಯ ಹೊಟ್ಟೆ ತುಂಬುವುದು. ಹೆಕ್ಸಾಕ್ಲೋರೋಬೆಂಜೀನ್ ಎಂಬ ವಿಷ ಹಗುರ ಜಾತಿಯದು, ಬೇಗ ಆವಿಯಾಗುತ್ತದೆ. 25 ಡಿಗ್ರಿಯಲ್ಲಿ ಈ ಬಿಲ್ಲೆ ಹಿಡಿಯುವುದು ಸುಮಾರು 150 ಘನ ಮೀಟರ್ ಗಾಳಿಯಲ್ಲಿರುವಷ್ಟನ್ನು ಮಾತ್ರ. ಅದನ್ನೂ 360ರಿಂದಲೇ ಭಾಗಿಸಿದರೆ ಗಾಳಿ ಇರುವುದಕ್ಕಿಂತ ಅರ್ಧಕ್ಕೂ ಕಡಿಮೆ ಕೊಳೆಯಾಗಿ ಕಾಣುತ್ತದೆ. ಸೆಕೆ ಹೆಚ್ಚಿದಷ್ಟೂ ಹಿಡಿಯುವ ಶಕ್ತಿ ಕುಗ್ಗುವುದರಿಂದ ಉಷ್ಣವಲಯದಲ್ಲಿ ಈ ತಪ್ಪು ಜಾಸ್ತಿ. ವರ್ಷಪೂರ್ತಿ ಬಿಡುವುದಿದ್ದರೆ ಸ್ಪಂಜಲ್ಲ, ಎಕ್ಸ್‌ಎಡಿ ಎಂಬ, ಹೆಚ್ಚು ಹಿಡಿಯಬಲ್ಲ ರಾಳ ತುಂಬಿದ ಕೊಳವೆ ಒಳ್ಳೆಯದು.

ದೂರದ ಜಾಗದಲ್ಲಿ ಕೈಕೊಡುವುದು ಹೆಚ್ಚಾಗಿ ಬ್ಲ್ಯಾಂಕ್, ಅಂದರೆ ಕೊಳೆ ತಾಗಿದೆಯೇ ಎಂದು ನೋಡಲು ಗಾಳಿಗೊಡ್ಡದೆ ಪರೀಕ್ಷಿಸುವ ಖಾಲಿ ಬಿಲ್ಲೆ. ಘನ ಮೀಟರಿಗೆ 10 ಪಿಕೋಗ್ರಾಂ (ನ್ಯಾನೋಗ್ರಾಮಿನ ಸಾವಿರದ ಒಂದು ಪಾಲು ಒಂದು ಪಿಕೋಗ್ರಾಂ) ಇದ್ದರೆ ಮೂರು ತಿಂಗಳಿಗೆ ಸೇರುವುದು ಬರೀ 3.6 ನ್ಯಾನೋಗ್ರಾಂ. ಸೊಳ್ಳೆ ಔಷಧಿ ಹೊಡೆದ ಕೋಣೆಯಲ್ಲಿ ಡಬ್ಬಿ ತೆರೆದರೂ ಸಾಕು, ಕೆಲಸ ಕೆಟ್ಟಂತೆ. ಬಿಲ್ಲೆಯನ್ನು ಮೊದಲು ದ್ರಾವಕ ಮತ್ತೆ ಮತ್ತೆ ಹಾಯುವ ಉಪಕರಣವಾದ ಸಾಕ್ಸ್‌ಲೆಟ್‌ನಲ್ಲಿ ಅಸಿಟೋನ್, ಆಮೇಲೆ ಪೆಟ್ರೋಲಿಯಂ ಈಥರ್, ತಲಾ 24 ಗಂಟೆ ತೊಳೆಯಬೇಕು. ನಿರ್ವಾತದಲ್ಲಿ ಒಣಗಿಸಿ, ಟೆಫ್ಲಾನ್ ಮುಚ್ಚಳದ ಗಾಜಿನ ಡಬ್ಬಿಯಲ್ಲಿಡಬೇಕು. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಮುಟ್ಟುವುದು ಅಸಿಟೋನಿನಲ್ಲಿ ತೊಳೆದ ಇಕ್ಕಳದಿಂದ. ಪ್ರತಿ ಜಾಗಕ್ಕೂ ಬ್ಲ್ಯಾಂಕ್ ಆಗಿ ಒಂದು ಬಿಲ್ಲೆ ಜೊತೆಯಲ್ಲೇ ಪ್ರಯಾಣಿಸಿ, ಬೋಗುಣಿಯೊಳಗೆ ನಿಮಿಷದ ಮಟ್ಟಿಗೆ ಕೂತು, ಮತ್ತೆ ಡಬ್ಬಿ ಸೇರಬೇಕು. ಬ್ಲ್ಯಾಂಕುಗಳ ಸರಾಸರಿಗೆ ಅವುಗಳ ಪ್ರಮಾಣಿತ ವಿಚಲನೆಯ ಮೂರರಷ್ಟನ್ನು ಕೂಡಿಸಿ. ಅದಕ್ಕಿಂತ ಕೆಳಗಿನ ಅಂಕಿಯನ್ನು ‘ಪತ್ತೆಯಾಗಿಲ್ಲ’ ಎಂದೇ ಬರೆಯಬೇಕು, ಎಷ್ಟೇ ಆಸೆಯಿದ್ದರೂ.

ಇಷ್ಟೆಲ್ಲ ಮಾಡಿದ ಮೇಲೂ, ಎರಡು ಊರುಗಳ ಅಂಕಿಗಳ ನಡುವೆ ಒಂದೂವರೆ ಪಟ್ಟು ಅಂತರವಷ್ಟೇ ಇದ್ದರೆ ಗಾಳಿ ಬೇರೆ ಬೇರೆ ಎಂದು ವಾದಿಸಲು ಹೋಗಬೇಡಿ.