ಅಳಿವಿಲ್ಲದ್ದು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡಲು ಬಂದವರು ಬಂಡೆಗೆ ಕೈಯಿಟ್ಟು, "ಇದಕ್ಕೆ ಅಳಿವೇ ಇಲ್ಲ ಬಿಡಿ" ಅನ್ನುವುದನ್ನು ನೀವೂ ಕೇಳಿರುತ್ತೀರಿ. ಅಳಿವಿಲ್ಲದ್ದಕ್ಕೆ ನಮ್ಮಲ್ಲಿ ಒಂದು ಪದವಿದೆ: ಅವಿನಾಶಿ. ಭಾಷಣಗಳಲ್ಲಿ, ಬರಹಗಳಲ್ಲಿ ಈ ಪದವನ್ನು ಕೋಟೆಗೂ ಗುಡಿಗೂ ಧಾರಾಳವಾಗಿ ಬಳಸುತ್ತೇವೆ. ಹಾಗೆ ಬಳಸಬಾರದು ಎನ್ನುವುದು ನನ್ನ ಅಭಿಪ್ರಾಯ.

ವಿನಾಶಿ ಅಂದರೆ ನಾಶವಾಗುವಂಥದ್ದು. ಅವಿನಾಶಿ ಅಂದರೆ ಯಾರಿಂದಲೂ, ಎಂದಿಗೂ ನಾಶವಾಗದ್ದು. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಈ ಪದ ಬರುತ್ತದೆ. ಎಲ್ಲೆಡೆ ತುಂಬಿಕೊಂಡಿರುವ ಆತ್ಮತತ್ವಕ್ಕೆ ಅಲ್ಲಿ ಅವಿನಾಶಿ ಎನ್ನುತ್ತಾರೆ. ಮರುಶ್ಲೋಕದಲ್ಲೇ, ಈ ದೇಹಗಳಿಗೆ ಕೊನೆಯುಂಟು ಎಂಬ ಮಾತಿದೆ. ಅಂದರೆ ಕಣ್ಣಿಗೆ ಕಾಣುವ ವಸ್ತುವಿಗೆ ಹೇಳಿದ ಮಾತೇ ಅಲ್ಲ ಅದು.

ಅಕ್ಷಯ ಬೇರೆ. ತೆಗೆದಷ್ಟೂ ಮುಗಿಯದ್ದು ಅಕ್ಷಯ. ಅಕ್ಷಯ ತದಿಗೆಯ ದಿನ ದಾವಣಗೆರೆಯ ಚಿನ್ನದ ಅಂಗಡಿಗಳಲ್ಲಿ ಎಷ್ಟು ಜನ ಅಲ್ವಾ? ಆದರೆ ಅಂದು ಮಾಡಿದ ದಾನದ ಫಲ ಕರಗುವುದಿಲ್ಲ ಎಂಬುದು ಹಳೆಯ ನಂಬಿಕೆ. ಕೊಳ್ಳುವುದಕ್ಕಿಂತ ಕೊಡುವುದಕ್ಕೆ ಸೇರಿದ ಪದ ಅದು. ಇನ್ನು ಚಿರ ಅಂದರೆ ಬಹುಕಾಲ, ಅಷ್ಟೇ.

ಈ ಚಿರ ಎಂಬ ಪದ ನನಗೆ ತುಂಬಾ ಇಷ್ಟ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅಂಥವೇ ಇವೆ. ಬ್ರಹ್ಮಗಿರಿಯ ಪ್ರಾಕೃತದಲ್ಲಿ 'ಚಿರಠಿತೀಕೆ' ಎಂಬ ಪದವಿದೆ. ಬಹುಕಾಲ ನಿಲ್ಲಲಿ ಎಂದರ್ಥ. ಬಹುಕಾಲ ನಿಲ್ಲಬೇಕಾದದ್ದು ಬಂಡೆಯಲ್ಲ, ಧರ್ಮಕ್ಕಾಗಿ ಪಡುವ ಪ್ರಯತ್ನ. ಅಷ್ಟು ದೊಡ್ಡ ಚಕ್ರವರ್ತಿಯೂ ಆಶೆಪಟ್ಟದ್ದು ಇಷ್ಟಕ್ಕೇ.

ನಮ್ಮ ಕನ್ನಡ ಶಾಸನದವರೂ ಹಾಗೆಯೇ. ಹರಿಹರಕ್ಕೆ ಹೋಗಿ ನೋಡಿ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಎತ್ತರದ ಶಾಸನಕಲ್ಲುಗಳಿವೆ. ನಾಡಿನ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ಆಚಂದ್ರಾರ್ಕ. ಚಂದ್ರ ಸೂರ್ಯರು ಇರುವವರೆಗೆ ಈ ದಾನ ನಡೆಯಲಿ ಎಂದು. ಅದರ ಬೆನ್ನಿಗೇ ಶಾಪ. ಇದನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ. ಶಾಪ ಯಾಕೆ ಬೇಕಿತ್ತು? ಕಲ್ಲು ಒಡೆಯುತ್ತದೆ, ಮನುಷ್ಯ ಮಾತು ಮುರಿಯುತ್ತಾನೆ ಎಂದು ಬರೆಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ನಮಗೆ ಆ ಎಚ್ಚರ ಕಡಿಮೆಯಾಗಿದೆ. ಕಲ್ಲಿಗೇನಾಗುತ್ತೆ ಬಿಡು ಎಂದು ಕೋಟೆಯ ಗೋಡೆಯ ಮೇಲೆ ಮೊಳೆಯಿಂದ ಹೆಸರು ಗೀಚುತ್ತೇವೆ. ಬಿಸಿಲಿಗೆ ಕಾದು, ಮಳೆಗೆ ನೆನೆದು ನಮ್ಮ ಕಣಶಿಲೆಯ, ಅಂದರೆ ಗ್ರಾನೈಟಿನ, ಬಂಡೆಗಳೇ ಪದರ ಬಿಡುತ್ತವೆ. ಬೆರಳಗಲದ ಅಕ್ಷರ ಎಷ್ಟು ದಿನ ತಾಳೀತು? ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ದೊರೆ ಮಯೂರಶರ್ಮನ ಶಾಸನವಿದೆ, ಕೆರೆಯ ಕೆಲಸದ ಬಗ್ಗೆ. ಕೆಲವೇ ಸಾಲು. ಅದರಲ್ಲೂ ಅಕ್ಷರಗಳು ಸವೆದಿವೆ.

ನಿಮ್ಮೂರ ಗುಡಿಯ ಮುಂದೆಯೋ ಹೊಲದ ಬದುವಿನಲ್ಲೋ ಬರಹದ ಕಲ್ಲು ಇದ್ದರೆ ಅದಕ್ಕೆ ಸುಣ್ಣ, ಬಣ್ಣ ಬಳಿಯಬೇಡಿ. ಅದರ ಮೇಲೆ ಬಟ್ಟೆ ಒಗೆಯಬೇಡಿ. ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ನಮಸ್ಕಾರ.