ಹಳೇ ಕಾರಿಗೆ ಯಾವ ಸಾಮಾನು ಹಾಕಿಸೋಣ?

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ. "ಒರಿಜಿನಲ್ ಕೊಡ್ಲಾ ಸಾರ್, ಲೋಕಲ್ ಸಾಕಾ?" ಮನೆಯಲ್ಲಿ ಕೆಎ-06 ನಂಬರಿನ ಹಳೇ ಮಾರುತಿ 800 ಇದ್ದವರಿಗೆ, ಅಪ್ಪನ ಕಾಲದ ಅಂಬಾಸಿಡರನ್ನೋ ಪದ್ಮಿನಿಯನ್ನೋ ಇನ್ನೂ ಓಡಿಸುತ್ತಿರುವವರಿಗೆ ಈ ಪ್ರಶ್ನೆ ಹೊಸದೇನಲ್ಲ. ಮಾರುತಿ 800, ಅಂಬಾಸಿಡರ್ ಎರಡೂ 2014ರಲ್ಲೇ ನಿಂತುಹೋದವು. ಸಾಮಾನಿಗೆ ಹುಡುಕಾಟ ತಪ್ಪಿದ್ದಲ್ಲ. ಇವತ್ತು ಕಿಡಿ ಹುಟ್ಟಿಸುವ ಸಾಮಾನುಗಳ ಬಗ್ಗೆ ಮಾತ್ರ ಮಾತಾಡ್ತೀನಿ. ವೋಲ್ಟೇಜ್ ಏರಿಸುವ ಕಾಯಿಲ್, ಅದರ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್, ಪಾಯಿಂಟಿನ ಜೊತೆಗಿರುವ ಕಂಡೆನ್ಸರ್, ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಮತ್ತು ಕ್ಯಾಪ್, ವೈರು, ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗು.

ಅಂಗಡಿಯವರ ಪ್ರಶ್ನೆಯಲ್ಲೇ ಒಂದು ಕೊರತೆ ಇದೆ. ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಲಗ್ಗನ್ನು ತಾವೇ ಮಾಡೋದಿಲ್ಲ. ಬಾಷ್, ಎನ್‌ಜಿಕೆ ಥರದವರಿಂದ ತರಿಸಿ ತಮ್ಮ ಡಬ್ಬಿಗೆ ಹಾಕಿ ಮಾರುತ್ತವೆ. ಅದೇ ತಯಾರಕರ ಮಾಲು ಅವರದೇ ಡಬ್ಬಿಯಲ್ಲಿ ಸ್ವಲ್ಪ ಕಮ್ಮಿ ಬೆಲೆಗೂ ಸಿಗುತ್ತದೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಹಳೇ ಮೇಸ್ತ್ರಿಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪ್ಲಗ್ಗೇ. ಅದನ್ನು ಲೋಕಲ್ ಅನ್ನೋಕಾಗುತ್ತಾ? ಹೆದರಬೇಕಾದ್ದು ದೊಡ್ಡ ಹೆಸರಿನ ಡಬ್ಬಿಯನ್ನೇ ನಕಲು ಮಾಡಿದ ಡೂಪ್ಲಿಕೇಟ್‌ಗೆ. ಅದಕ್ಕೇ ಒರಿಜಿನಲ್ಲಾ ಅಂತ ಕೇಳುವ ಬದಲು, ಮಾಡಿದವರು ಯಾರು, ಬಿಲ್ ಕೊಡ್ತೀರಾ ಅಂತ ಕೇಳಿ.

ಪ್ಲಗ್ಗಿನ ವಿಷಯ ಸುಲಭ. ಹೆಸರಾದ ಯಾವ ತಯಾರಕರದ್ದಾದರೂ ಆದೀತು, ನಂಬರ್ ಮಾತ್ರ ಸರಿಯಾಗಿರಬೇಕು. ಇಲ್ಲೊಂದು ಮೋಜಿದೆ. ಎನ್‌ಜಿಕೆಯಲ್ಲಿ ಶಾಖದ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು. ಬಾಷ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಬಿಸಿಯದು. ಎರಡರಲ್ಲೂ ಬರೀ ಅಂಕಿ ನೋಡಿ "ಒಂದು ಹೆಚ್ಚೇ ಇರಲಿ" ಅಂದರೆ ಕೆಲಸ ಕೆಟ್ಟಿತು. ತೀರಾ ತಣ್ಣನೆಯದಕ್ಕೆ ಮಸಿ ಹಿಡಿಯುತ್ತದೆ, ತೀರಾ ಬಿಸಿಯದು ಏರಿನಲ್ಲಿ ಇಂಜಿನ್ ಕುಟ್ಟಿಸುತ್ತದೆ.

ನಿಜವಾದ ತಲೆನೋವು ಕಂಡೆನ್ಸರ್. ಕಿರುಬೆರಳಿನಷ್ಟು ಉದ್ದದ ತಗಡಿನ ಕೊಳವೆ, ಅದಕ್ಕೊಂದು ವೈರು. ಬೆಲೆಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಕಾಟದಲ್ಲಿ ಎಲ್ಲಕ್ಕಿಂತ ದೊಡ್ಡದು. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಅಲ್ಲೇ ಕಿಡಿ ಹಾರದಂತೆ ಇದು ತಡೆಯಬೇಕು. ಆಗಲೇ ಕಾಯಿಲ್ 12 ವೋಲ್ಟನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸೋದು. ಕಳಪೆ ಕಂಡೆನ್ಸರ್ ತಣ್ಣಗಿರುವಾಗ ಚೆನ್ನಾಗೇ ಇರುತ್ತದೆ, ಬಿಸಿಯಾದ ಮೇಲೆ ಕೈಕೊಡುತ್ತದೆ. ಊರೊಳಗೆ ಸಲೀಸಾಗಿ ಓಡಿದ ಕಾರು ದೇವರಾಯನದುರ್ಗದ ಏರಿನಲ್ಲಿ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗೋ ಹೊತ್ತಿಗೆ ಕಾಯಿಲೆಯೇ ಮಾಯ. ಕಾಯಿಲ್ ಹೋಗುತ್ತಿದ್ದರೂ ಇದೇ ಲಕ್ಷಣ. ಹಾಗಾಗಿ ಪಾಯಿಂಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಗುಳಿ, ಎದುರಿನದರಲ್ಲಿ ಅಷ್ಟೇ ದಪ್ಪದ ಉಬ್ಬು ಎದ್ದಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೇ ಇರಲಿ. ಇದರಲ್ಲಿ ಉಳಿಸುವ ದುಡ್ಡು ಟೀ ಖರ್ಚಿಗೂ ಸಾಲದು. ಡಿಸ್ಟ್ರಿಬ್ಯೂಟರ್ ಮಾಡಿದವರದೇ ಹಾಕಿಸಿ.

ಪಾಯಿಂಟ್ ಸೆಟ್‌ನಲ್ಲಿ, ಅದನ್ನು ತೆರೆಯುವ ತಿರುಗುವ ಕ್ಯಾಮ್‌ಗೆ ಉಜ್ಜುವ ಪುಟ್ಟ ಫೈಬರ್ ತುಂಡನ್ನು ನೋಡಬೇಕು. ಅಗ್ಗದ್ದಾದರೆ ಬೇಗ ಸವೆದು ಗ್ಯಾಪ್ ಕೂಡಿಕೊಳ್ಳುತ್ತದೆ, ಕಿಡಿ ಹಾರುವ ಟೈಮಿಂಗ್ ತಪ್ಪುತ್ತದೆ. ಗ್ಯಾಪ್ ಎಂದರೆ 0.4 ಮಿಲಿಮೀಟರ್ ಆಸುಪಾಸಿನ ಲೆಕ್ಕಾಚಾರ, ಅಲ್ಲಿ ಕೂದಲೆಳೆಯೂ ದೊಡ್ಡದೇ. ಕಾಯಿಲ್ ಯಾವ ತಯಾರಕರದ್ದಾದರೂ ಸರಿ, ಆದರೆ ಹೊರಗೆ ರೆಸಿಸ್ಟರ್, ಅಂದರೆ ಕರೆಂಟ್ ತಗ್ಗಿಸುವ ತುಂಡು, ಬೇಕಾದ ಕಾಯಿಲ್ಲಾ, ಬೇಡದ್ದಾ ಅಂತ ಕೇಳಿ ತನ್ನಿ. ರೆಸಿಸ್ಟರ್ ಬೇಕಾದ್ದನ್ನು ಅದಿಲ್ಲದೇ ಜೋಡಿಸಿದರೆ ಕಾಯಿಲ್ ತುಂಬಾ ಬಿಸಿಯಾಗುತ್ತದೆ, ಪಾಯಿಂಟ್ ಸುಡುತ್ತದೆ. ಆಗ ಬೈಸಿಕೊಳ್ಳೋದು ಪಾಪ ಪಾಯಿಂಟ್ ಮಾಡಿದವನು!

ಪ್ಲಗ್ ವೈರಿನ ತಪ್ಪು ಕಿವಿಗೇ ಕೇಳುತ್ತದೆ. ರೇಡಿಯೋಗೆ ಅಡ್ಡಿಯಾಗದ ಹಾಗೆ ವೈರಿನಲ್ಲೋ ಪ್ಲಗ್ಗಿನಲ್ಲೋ ರೆಸಿಸ್ಟೆನ್ಸ್ ಇಟ್ಟಿರುತ್ತಾರೆ. ಅದಿಲ್ಲದ ಬರೀ ತಾಮ್ರದ ವೈರು ಹಾಕಿಸಿ, ಕಾರಿನಲ್ಲಿ ಮೀಡಿಯಂ ವೇವ್ ಹಾಕಿ ನೋಡಿ. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಕರಕರ ಜೋರಾಗುತ್ತದೆ. ನನ್ನ ಈ ಮಾತೂ ಕೇಳಿಸದು! ವೈರಿನ ಹೊದಿಕೆ ಸೋರುತ್ತಿದೆಯಾ ಅಂತ ತಿಳಿಯಲು ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ. ಸಣ್ಣ ನೀಲಿ ಕಿಡಿ ಹರಿದಾಡಿದರೆ ಆ ವೈರು ಮುಗಿಯಿತು. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಇನ್ನೊಂದು ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಮ್ಮೊಮ್ಮೆ ಸೀಲ್ ಒಡೆಯದ ಹಳೇ ಕಂಪನಿ ಡಬ್ಬಿ ಸಿಗುತ್ತದೆ. ನಿಧಿ ಸಿಕ್ಕ ಸಂಭ್ರಮ, ಅಲ್ವಾ? ರೋಟರ್, ಕ್ಯಾಪ್ ಆದರೆ ಬಿರುಕಿಲ್ಲ ಅಂತ ನೋಡಿ ಕಣ್ಣು ಮುಚ್ಚಿ ತನ್ನಿ. ವೈರು, ಕಂಡೆನ್ಸರ್ ಬೇಡ. ರಬ್ಬರ್ ಡಬ್ಬಿಯೊಳಗೇ ಗಡುಸಾಗಿರುತ್ತದೆ, ಕಂಡೆನ್ಸರ್ ಒಳಗೆ ತೇವ ಸೇರಿರುತ್ತದೆ. ಅಲ್ಲಿ ಹಳೇ ಒರಿಜಿನಲ್‌ಗಿಂತ ಹೊಸದಾಗಿ ಮಾಡಿದ ಒಳ್ಳೇ ಹೆಸರಿನ ಬೇರೆ ಮಾಲೇ ಮೇಲು.

ಹೊಸದು ಹಾಕಿಸುವಾಗ ಎಲ್ಲವನ್ನೂ ಒಂದೇ ಸಲ ಬದಲಿಸಬೇಡಿ. ಒಂದು ಹಾಕಿಸಿ, ದೇವರಾಯನದುರ್ಗದ ತನಕ ಹೋಗಿ ಬನ್ನಿ, ಆಮೇಲೆ ಇನ್ನೊಂದು. ಬಿಚ್ಚಿದ ಕಂಡೆನ್ಸರ್, ಪಾಯಿಂಟ್ ಇನ್ನೂ ಕೆಲಸ ಮಾಡುವಂತಿದ್ದರೆ ಗ್ಯಾರೇಜಿನಲ್ಲೇ ಬಿಟ್ಟು ಬರದೆ ಸ್ಕ್ರೂಡ್ರೈವರ್ ಜೊತೆ ಸುತ್ತಿ ಡಿಕ್ಕಿಯಲ್ಲಿಡಿ. ರಾತ್ರಿ ಹೊತ್ತು ಶಿರಾ ದಾರಿಯಲ್ಲಿ ಗಾಡಿ ನಿಂತರೆ ಅಂಗಡಿ ತೆರೆಯೋವರೆಗೂ ಕಾಯೋದು ತಪ್ಪುತ್ತದೆ.